ಎರಡು ಜೊತೆ ಗೌಸು

ಎರಡನೇ ಸುತ್ತಿನಲ್ಲಿ ತರೀಕೆರೆಯ ಚಿಕ್ಕಬೀರಪ್ಪನ ಬಲಗೈ ಬಂದು ಈರಭದ್ರಪ್ಪನ ದವಡೆಗೆ ಬಡಿಯಿತು. ಗುದ್ದಿನ ಸದ್ದು ಯಾರಿಗೂ ಕೇಳಲಿಲ್ಲ. ಕೈಗೌಸು ಪರ್ರನೆ ಹರಿದ ಸದ್ದು ಮಾತ್ರ ಬೀರೂರಿನವರೆಗೂ ಹೋಯಿತು. ಮರುಗಳಿಗೆಗೆ ಅಜ್ಜಂಪುರದ ಗೂಡ್ಸ್ ಶೆಡ್ಡಿನ ಬಯಲಲ್ಲೆಲ್ಲ ಬಿಳಿ ಹತ್ತಿ. ಕೆಮ್ಮಣ್ಣುಗುಂಡಿಯ ಮಂಜೇ ದಾರಿ ತಪ್ಪಿ ರೈಲು ಹತ್ತಿ ಬಂತೋ ಎಂದು ಸೇರಿದ್ದ ಹತ್ತು ಸಾವಿರ ಜನ ಬಾಯಿಬಿಟ್ಟು ನೋಡಿದರು. ಊರಲ್ಲೇ ಅಷ್ಟು ಜನ ಇರಲಿಲ್ಲ ಎಂದು ತಕರಾರು ತೆಗೆಯುವವರು ಆ ದಿನ ಅಲ್ಲಿರಲಿಲ್ಲ, ಅಷ್ಟೆ.

ಈರಭದ್ರಪ್ಪ ಸ್ಟೇಷನ್ನಿನ ಹಮಾಲಿ. ಒಂದು ಹೆಗಲಿಗೆ ಎರಡು ಮೂಟೆಯಂತೆ ನಾಲ್ಕು ಮೂಟೆ ಹೊರುವ ಆಸಾಮಿ. ಅವನ ಗುದ್ದಿಗೆ ಒಮ್ಮೆ ಗೂಡ್ಸ್ ಗಾಡಿ ನಾಲ್ಕಡಿ ಹಿಂದಕ್ಕೆ ಸರಿದಿತ್ತು. ಇದನ್ನು ನಂಬದವರು ಊರಲ್ಲಿ ಇಬ್ಬರೇ, ಸ್ಟೇಷನ್ ಮಾಸ್ತರು ಮತ್ತು ಹೆಂಡತಿ ಅಂಬಮ್ಮ. ಎಪ್ಪತ್ತೊಂಬತ್ತರ ಆ ಬೇಸಿಗೆಗೆ ಅವನು ಕಣಕ್ಕಿಳಿದು ಹದಿನಾಲ್ಕು ವರ್ಷ, ನಲವತ್ತೊಂದು ಕುಸ್ತಿಯಲ್ಲದ ಕುಸ್ತಿ, ಅಂದರೆ ಗೌಸಿನ ಗುದ್ದಾಟ. ಒಮ್ಮೆಯೂ ಬೆನ್ನು ನೆಲ ಕಂಡಿರಲಿಲ್ಲ. ಬೀಳದ ಈರಭದ್ರ ಎಂದೇ ಹೆಸರು. ಆ ಹೆಸರನ್ನು ಊರಿಗಿಂತ ಹೆಚ್ಚು ಸಲ ಹೇಳಿಕೊಂಡವನು ಅವನೇ.

ಆಟ ಕಲಿಸಿದ್ದು ಅಂಬಮ್ಮನ ಅಣ್ಣ ಗಿಡ್ಡಪ್ಪ. ಬೆಂಗಳೂರಿನ ಮಿಲ್ಲಿನ ಕೇರಿಯಲ್ಲಿ ಬಾಕ್ಸಿಂಗ್ ಆಡಿ ಹೆಸರು ಮಾಡಿದವನು. ಊರಿಗೆ ಮರಳುವಾಗ ತಂದದ್ದು ಎರಡು ಜೊತೆ ಗೌಸು, ಒಂದು ಕೆಂಪು, ಒಂದು ಕಪ್ಪು. ತಲೆಗೆ ಗುದ್ದು ತಿಂದು ತಿಂದು ಅಲ್ಲೇ ಬಿಟ್ಟುಬಂದದ್ದು ನೆನಪು. ವರ್ಷಗಳು ಕಳೆದಂತೆ ಒಂದೊಂದೇ ಹೆಸರು ಜಾರಿಹೋಗಿ, ಈಗ ಕಡೂರಿನ ಮನೆಯ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಿದ್ದ.

ಕೆಂಪು ಗೌಸು ಯಾವತ್ತೂ ಈರಭದ್ರಪ್ಪನದು. ಕಪ್ಪು, ಎದುರಾಳಿಯದು. ಎರಡನ್ನೂ ರಿಪೇರಿ ಮಾಡುವವಳು ಗೋಣಿಚೀಲ ಹೊಲಿಯುವ ಅಂಬಮ್ಮ. ಅವರ ಮನೆಯಲ್ಲಿ ಕೈಗೆ ಹಾಕುವುದೂ ಗೌಸೇ, ದಿಂಬಿನದೂ ಗೌಸೇ. ಗೌಸು ಹೊಲೀತಿದೀನಿ ಎಂದು ಅವಳು ಹೇಳಿದರೆ ಯಾವ ಗೌಸೆಂದು ಅವನು ಕೇಳಿದವನಲ್ಲ. ತನ್ನ ತಲೆದಿಂಬು ವರ್ಷದಿಂದ ವರ್ಷಕ್ಕೆ ತೆಳ್ಳಗಾಗಿ ರೊಟ್ಟಿಯಂತಾದಾಗ ಮಾತ್ರ, ಇಲಿ ಎಂದು ಬೈದು ನಾಲ್ಕು ಬೋನು ಇಟ್ಟಿದ್ದ. ಒಂದಿಲಿಯೂ ಬಿದ್ದಿರಲಿಲ್ಲ.

ಈಗ ಹಾರಾಡುತ್ತಿದ್ದ ಹತ್ತಿಯ ಒಂದೆಳೆ ಬಂದು ಅವನ ಮೀಸೆಯ ಮೇಲೆ ಕೂತಿತು. ದಿಂಬಿಗೆ ತುಂಬುವ ಬೂರುಗದ ಹತ್ತಿ. ಮೂಗಿಗೆ ಹರಳೆಣ್ಣೆಯ ವಾಸನೆ ಹೊಡೆಯಿತು. ಅದು ಅವನದೇ ತಲೆಯ ಎಣ್ಣೆ.

ಪಂದ್ಯ ನಡೆಸುತ್ತಿದ್ದ ಡ್ರಿಲ್ ಮೇಷ್ಟ್ರು ರಂಗಯ್ಯ ಆಟ ನಿಲ್ಲಿಸಿದರು. ಅಂಬಮ್ಮ ದಬ್ಬಣ ಹಿಡಿದು ಹಗ್ಗದ ಕೆಳಗೆ ನುಸುಳಿ ಬಂದು, ಚಿಕ್ಕಬೀರಪ್ಪನ ಕೈಯನ್ನು ಮಡಿಲಿಗೆಳೆದುಕೊಂಡು ಕೂತಳು. ಮುಖ ಎತ್ತಲಿಲ್ಲ.

ಈರಭದ್ರಪ್ಪ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. "ಇಲಿ ಸಿಕ್ತು," ಅಂದ.

ದಾರ ಪೋಣಿಸುತ್ತಲೇ ಅವಳೆಂದಳು: "ಮೊನ್ನೆ ಕಡೂರಿಗೆ ಹೋಗಿದ್ನಲ್ಲ. ಅಣ್ಣ ನನ್ ಮುಖ ನೋಡಿ, ನೀನು ಯಾರ ಮನೆ ಹೆಣ್ಮಗಳವ್ವಾ ಅಂತ ಕೇಳ್ದ. ನಿಮ್ ಬಾಯಲ್ಲೂ ಅದ್ನ ಕೇಳಕ್ಕೆ ನನ್ ಕೈಲಾಗಲ್ಲ."

ಹತ್ತಿಯೆಲ್ಲ ಹಾರಿಹೋಯ್ತು, ಖಾಲಿ ಗೌಸನ್ನೇ ಹೊಲಿದು ಆಡಿಸೋಣವೇ ಎಂದು ಮೇಷ್ಟ್ರು ಕೇಳಿದರು. ಆಡಿಸಿ, ಈರಣ್ಣನಿಗೇನು ಲೆಕ್ಕ ಎಂದು ಹಮಾಲರೆಲ್ಲ ಕೂಗಿದರು. ಚಿಕ್ಕಬೀರಪ್ಪ ಮರದ ಡಿಪೋದಲ್ಲಿ ದಿಮ್ಮಿ ಎತ್ತುವ ಹುಡುಗ. ಅವನ ಬೆರಳ ಗೆಣ್ಣುಗಳು ಹರಿದ ತೊಗಲಿನಿಂದ ಹೊರಗೆ ಇಣುಕುತ್ತಿದ್ದವು.

"ನೀವಿಬ್ರೂ ಹೆಂಗಂತೀರೋ ಹಂಗೆ, ಅಕ್ಕಾ," ಎಂದ ಅವನು.

ಈರಭದ್ರಪ್ಪ ಆ ಗೆಣ್ಣುಗಳನ್ನೇ ನೋಡಿದ. ನಲವತ್ತೊಂದು ಗೆಲುವಿನಲ್ಲಿ ತನ್ನವೆಷ್ಟು, ದಿಂಬಿನವೆಷ್ಟು? ಒಂದೇ ಒಂದು ಸುತ್ತು ಖಾಲಿ ಗೌಸಿಗೆ ಮುಖ ಕೊಟ್ಟರೆ ಗೊತ್ತಾಗುತ್ತಿತ್ತು. ಅವಳ ದಬ್ಬಣ ಹೊಲಿಯದೆ ಕಾಯುತ್ತಿತ್ತು.

ಅವನು ಎದ್ದ. ಎದ್ದವನು ಬಗ್ಗಿ, ಬೂರುಗದ ಹತ್ತಿಯನ್ನು ಹಿಡಿಯತೊಡಗಿದ. ಗೂಡ್ಸ್ ಗಾಡಿ ಸರಿಸಿದ ಕೈಗಳಿಗೆ ಒಂದೆಳೆಯೂ ಸಿಗಲೊಲ್ಲದು. ಕೆಂಪು ಗೌಸುಗಳ ನಡುವೆ ಚಪ್ಪಾಳೆ ತಟ್ಟಿದಂತೆ ಹಿಡಿದ, ತಪ್ಪಿತು, ಮತ್ತೆ ಹಿಡಿದ. ಹತ್ತು ಸಾವಿರ ಜನ ಬಿದ್ದು ಬಿದ್ದು ನಕ್ಕರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಸಿಕ್ಕಷ್ಟನ್ನು ತಂದು ಅವಳ ಮಡಿಲಿಗೆ ಸುರಿದ.

"ಇವ್ನ ಎಡಗೈನೂ ಜೋರೈತೆ ಕಣೇ. ಅದ್ಕೂ ಒಂದ್ ಹಿಡಿ ತುಂಬು."

ಅಂಬಮ್ಮ ಹತ್ತಿಯನ್ನು ಗೌಸಿನೊಳಗೆ ತುರುಕಿದಳು. ದಬ್ಬಣ ಓಡತೊಡಗಿತು. ಅವಳ ಬೈತಲೆಯ ಮೇಲೆ ಒಂದೆಳೆ ಹತ್ತಿ ಸಿಕ್ಕಿಕೊಂಡಿತ್ತು. ತೆಗೆಯಲು ಕೈ ಎತ್ತಿದ. ಗೌಸಿನ ಕೈಗೆ ಆಗಲಿಲ್ಲ. ಬಗ್ಗಿ, ಮೆಲ್ಲಗೆ ಊದಿದ.