ಕಾಸದ ಹಾಲು

೧೯೫೭ರ ಜನವರಿ ಹದಿನೇಳರ ಬೆಳಿಗ್ಗೆ ಸಿದ್ದಲಿಂಗವ್ವನಿಗೆ ಪೆನಿಸಿಲಿನ್ನಿನ ಎಂಬತ್ನಾಲ್ಕನೆಯ ಸೂಜಿ ಬಿತ್ತು. ದೀಪಾವಳಿಯಿಂದ ಕಾಡುತ್ತಿದ್ದ ಜ್ವರ ಅಂದು ಸಂಜೆಯೂ ತಪ್ಪದೆ ಬಂತು. ರೋಣದ ದವಾಖಾನೆಯಲ್ಲಿ ಮಂಚದ ಕಾಲ್ದೆಸೆಗೆ ಕುಳಿತಿದ್ದ ಅಜ್ಜಿ ಮುದುಕವ್ವ ಮೊಮ್ಮಗಳ ಬೆವೆತ ಪಾದಗಳನ್ನು ಸೆರಗಿನಿಂದ ಒರೆಸಿದಳು. ತಾಯಿಯಿಲ್ಲದ ಆ ಕೂಸನ್ನು ಸಾಕಿ ದೊಡ್ಡದು ಮಾಡಿದವಳು ಅವಳೇ.

ಡಾಕ್ಟರ್ ಶ್ರೀಧರ ಹುಡುಗಿಯ ಎದೆಗೆ ನಳಿಗೆಯಿಟ್ಟು ಬಹಳ ಹೊತ್ತು ಆಲಿಸಿದರು. ಎಳವೆಯಲ್ಲಿ ಕೀಲುಬೇನೆಯ ಜ್ವರ ಬಂದು ಅವಳ ಹೃದಯದ ಕವಾಟವೊಂದು ಜಖಂ ಆಗಿತ್ತು. ಆ ಜಖಮಿನ ಮೇಲೆ ಈಗ ಯಾವುದೋ ಕ್ರಿಮಿ ಗೂಡು ಕಟ್ಟಿದೆ ಎಂದು ಅವರು ಮೊದಲ ದಿನವೇ ಹೇಳಿದ್ದರು. ಯಾವ ಕ್ರಿಮಿ ಎಂಬುದು ತಿಳಿದಿರಲಿಲ್ಲ.

“ದಿನಾ ಕಾಣೋ ಕ್ರಿಮಿ ಆಗಿದ್ದರ ಇಷ್ಟೊತ್ತಿಗೆ ಸಾಯಬೇಕಿತ್ತು, ಅಜ್ಜಿ. ಔಷಧ ಬದಲಿಸಬೇಕು. ಗೊತ್ತಿಲ್ದ ಏನಂತ ಬದಲಿಸ್ಲಿ? ಹಾಲು ಕಾಸೇ ಕುಡಸ್ತೀರಿ, ಹೌದಲ್ರಿ?”

“ಎಷ್ಟು ಸಲ ಕೇಳ್ತೀರಿ, ಸಾಹೇಬ್ರ? ಕೆನಿ ಕಟ್ಟೋತನಕಾ ಕಾಸ್ತೀನಿ. ನಮ್ಮನಿ ಬೆಕ್ಕಿಗೂ ಹಸಿ ಹಾಲು ಗೊತ್ತಿಲ್ಲ.”

ಸುಳ್ಳಲ್ಲ. ಮನೆಯ ಎಮ್ಮೆಯ ಹಾಲನ್ನು ಅವಳು ಹಾಗೆಯೇ ಕಾಸುತ್ತಿದ್ದಳು.

“ಊರಾಗ ಯಾರದರ ಆಡು, ದನ ಕಂದು ಹಾಕ್ಯಾವೇನು? ತಿಂಗಳು ತುಂಬೋಕಿಂತ ಮೊದಲ? ಅಂಥವುಗಳ ಹಸಿ ಹಾಲಿನಾಗ ಒಂದು ಕ್ರಿಮಿ ಇರ್ತೈತಿ.”

ಮುದುಕವ್ವನ ಕೈ ಪಾದದ ಮೇಲೆಯೇ ನಿಂತಿತು. ತಮ್ಮೂರು ಅಸೂಟಿಯಲ್ಲಿ ನೆರೆಮನೆಯ ಬಾಳವ್ವನ ಎರಡು ಆಡು ದಸರೆಗೆ ಮುಂಚೆ ಕಂದು ಹಾಕಿದ್ದವು. ಆ ಆಡುಗಳ ಹಾಲನ್ನೇ, ನೊರೆ ಆರುವ ಮೊದಲು, ಬಾಳವ್ವ ಕೊಟ್ಟ ಬೇರಿನ ಪುಡಿ ಕದಡಿ, ಎದೆಗೆ ಬಲ ಬರಲೆಂದು ಮೊಮ್ಮಗಳಿಗೆ ನಸುಕಿನಲ್ಲಿ ಕುಡಿಸಿದ್ದಳು. ಅವಳ ಪಾಲಿಗೆ ಅದು ಹಾಲಲ್ಲ, ಔಷಧ. ಅದನ್ನು ಕಾಸುವಂತಿಲ್ಲ, ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. ಹೇಳಿದರೆ ಗುಣ ಹೋಗಿ ರೋಗ ಇಮ್ಮಡಿಯಾಗಿ ತಿರುಗುತ್ತದೆಂದು ಬಾಳವ್ವ ಅವಳಿಂದ ಆಣೆ ಮಾಡಿಸಿಕೊಂಡಿದ್ದಳು. ಹುಡುಗಿ ಸುಧಾರಿಸಿದರೆ ಗುಳೇದಗುಡ್ಡದ ಕುಬಸದ ಖಣವೊಂದನ್ನು ಕೊಡುವೆನೆಂದು ಮುದುಕವ್ವನೂ ಮಾತು ಕೊಟ್ಟಿದ್ದಳು.

ಹುಡುಗಿಯ ಎದೆ ತಿದಿಯಂತೆ ಏರಿಳಿಯುತ್ತಿತ್ತು. ಬಾಯಿ ಬಿಟ್ಟರೆ ಮೊಮ್ಮಗಳು ಹೋದಾಳು. ಬಿಡದಿದ್ದರೆ?

“ಹೇಳ್ರಿ ಅಜ್ಜಿ, ಯಾರ ಆಡು?”

“ಕೇಳಿ ಮರೆತುಬಿಡೋ ಹಂಗಿದ್ದರ ಹೇಳ್ತೀನ್ರಿ.”

“ಮರೆತರ ಔಷಧ ಹ್ಯಾಂಗ ಕೊಡ್ಲಿ?”

ಅವಳು ಎದ್ದು, ಮೊಮ್ಮಗಳ ಕಿವಿಗಳೆರಡನ್ನೂ ಅಂಗೈಗಳಿಂದ ಮುಚ್ಚಿ, ಎಲ್ಲವನ್ನೂ ಹೇಳಿದಳು.

ಡಾಕ್ಟರು ಬೈಯಲಿಲ್ಲ. ರಕ್ತ ತೆಗೆದು ಹುಬ್ಬಳ್ಳಿಗೆ ಕಳಿಸಿದರು. ಉತ್ತರಕ್ಕೆ ಕಾಯದೆ ಅಂದೇ ಸ್ಟ್ರೆಪ್ಟೋಮೈಸಿನ್ ಸೂಜಿಯನ್ನೂ ಟೆಟ್ರಾಸೈಕ್ಲಿನ್ ಗುಳಿಗೆಯನ್ನೂ ಆರಂಭಿಸಿದರು. ಮರುದಿನ ಸಂಜೆ ಜ್ವರ ಇನ್ನೂ ಏರಿತು. ಬಾಳವ್ವನ ಮಾತು ಖರೆಯಾಯಿತೆಂದು ಮುದುಕವ್ವ ಅನ್ನ ಬಿಟ್ಟಳು. ಹುಬ್ಬಳ್ಳಿಯಿಂದ ಉತ್ತರ ಬಂತು: ಆಡಿನ ಹಾಲಿನಿಂದ ಬಂದ ಕ್ರಿಮಿಯೇ. ಅದಾದ ಮೇಲೆ ಒಂದು ಸಂಜೆ ಜ್ವರ ಬರಲಿಲ್ಲ. ಮರುಸಂಜೆಯೂ ಬರಲಿಲ್ಲ. ಆಗ ಮುದುಕವ್ವ ಅರ್ಧ ರೊಟ್ಟಿ ತಿಂದಳು.

ಯುಗಾದಿಯ ಹೊತ್ತಿಗೆ ಹುಡುಗಿ ಅಸೂಟಿಗೆ ಮರಳಿದಳು. ಕವಾಟ ನೆಟ್ಟಗಾಗಿರಲಿಲ್ಲ, ಇನ್ನು ಕೊಡ ಹೊರುವಂತಿಲ್ಲ ಎಂದು ಡಾಕ್ಟರು ತಾಕೀತು ಮಾಡಿದ್ದರು. ಬಾಳವ್ವ ಬಂದು ಬಾಗಿಲಲ್ಲಿ ನಿಂತಳು.

“ಯಕ್ಕಾ, ಕಡೀಕೂ ನನ್ನ ಔಷಧ ಹತ್ತಿತಲ್ಲ?”

ಮುದುಕವ್ವ ಪೆಟ್ಟಿಗೆ ತೆರೆದು ಖಣವನ್ನು ಅವಳ ಉಡಿಗೆ ಹಾಕಿದಳು. “ಮಾತು ಕೊಟ್ಟಿದ್ದೆ, ತಗೋ. ಇನ್ನ ಮ್ಯಾಲೆ ಯಾರಿಗೆ ಕೊಟ್ಟರೂ ಕಾಸಿ ಕೊಡು.”

“ಕಾಸಿದರ ಗುಣ ಉಳೀತೈತೇನು?”

“ಗುಣದ ಸುದ್ದಿ ನನಗ ಬ್ಯಾಡ. ನಿಂದೂ ನಂದೂ ಬಾಕಿ ಮುಗೀತು,” ಎಂದು ಮುದುಕವ್ವ ಒಲೆಯ ಮೇಲಿನ ಹಾಲು ನೋಡಲು ಒಳಗೆ ನಡೆದಳು.