ಎತ್ತಿದ ಅಂಗೈ

ಎಣ್ಣೆ ಬಾವಿಯ ಕಬ್ಬಿಣದ ತೊಟ್ಟಿ ನೆಲದಿಂದ ಆಳೆತ್ತರದಲ್ಲಿ ತೂಗುತ್ತಿತ್ತು. ಕೆಳಗೆ ನಿಂತ ದೋನ್ ಎವರಿಸ್ತೊ ತೋರುಬೆರಳನ್ನು ನೆಲದತ್ತ ಚಾಚಿ ಸಣ್ಣಗೆ ಸುತ್ತಿಸುತ್ತಿದ್ದ: ಇಳಿಸು, ಮೆಲ್ಲಗೆ ಇಳಿಸು. ಕ್ರೇನ್ ಲಾರಿಯ ಬೆನ್ನ ಮೇಲಿನ ಗಾಜಿನ ಗೂಡಿನಲ್ಲಿ ಕೂತ ಸುಲೆಮಾ ಆ ಬೆರಳೊಂದನ್ನೇ ನೋಡುತ್ತ, ಉಸಿರು ಬಿಗಿಹಿಡಿದು, ಹಿಡಿಕೆಯನ್ನು ಕೂದಲೆಳೆಯಷ್ಟೇ ಮುಂದಕ್ಕೆ ತಳ್ಳುತ್ತಿದ್ದಳು.

ಇದ್ದಕ್ಕಿದ್ದಂತೆ ಆ ಕೈ ಬಿಚ್ಚಿಕೊಂಡು ಮೇಲೆದ್ದಿತು. ಅಂಗೈ ನೇರ ಅವಳ ಮುಖದ ಕಡೆಗೆ.

ನಿಲ್ಲಿಸು.

ನಿಲ್ಲಿಸಿದಳು. ಹಿಡಿಕೆಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ತೊಟ್ಟಿ ಅಲ್ಲೇ, ನಡು ಆಕಾಶದಲ್ಲಿ ಮರೆತುಹೋದ ಮಾತಿನ ಹಾಗೆ ನಿಂತಿತು.

"ಏ ಹುಡುಗಿ, ಯಾಕೆ ನಿಲ್ಸಿದೆ?" ಎವರಿಸ್ತೊ ಕೂಗಿದ.

"ನೀವೇ ಕೈ ಎತ್ತಿದ್ರಲ್ಲ, ದೋನ್ ಎವರಿಸ್ತೊ!"

"ಅಯ್ಯೋ, ಎತ್ತಿದ್ದು ನಿಂಗಲ್ಲ ಕಣೆ, ಮಾಟೆಗೆ!"

ಲಾರಿಗೂ ಮುದುಕನಿಗೂ ನಡುವೆ ಅವನ ಅಕ್ಕನ ಮಗ ಲಾವ್ತಾರೊ ನಿಂತಿದ್ದ. ಕೈಯಲ್ಲಿ ಹಬೆಯಾಡುವ ಸೋರೆಬುರುಡೆ, ಅದರೊಳಗೆ ಮಾಟೆ ಎಂಬ ಕಹಿ ಸೊಪ್ಪಿನ ಕಷಾಯ, ಮೇಲೊಂದು ಹೀರುಗೊಳವೆ. ಆಕಾಶವೇ ಕಳಚಿ ಬಿದ್ದರೂ ಈ ಸೀಮೆಯಲ್ಲಿ ಮಾಟೆಯ ಬುರುಡೆ ಸುತ್ತು ಹಾಕುವುದು ನಿಲ್ಲುವುದಿಲ್ಲ. ಹೀರಿ ಸುಮ್ಮನೆ ಹಿಂದಿರುಗಿಸಿದವನಿಗೆ ಮತ್ತೆ ತುಂಬಿ ಬರುತ್ತದೆ. ಬೇಡವಾದವನು 'ಗ್ರಾಸಿಯಾಸ್' ಅನ್ನಬೇಕು. ಬೇರೆಲ್ಲ ಕಡೆ ಅದು ಉಪಕಾರ ನೆನೆಯುವ ಮಾತು. ಬುರುಡೆಯ ಮುಂದೆ ಮಾತ್ರ ಸಾಕು, ಇನ್ನು ಬೇಡ ಎಂದರ್ಥ. ಗಾಳಿಯಲ್ಲಿ ಮಾತು ಕೇಳದಿದ್ದರೆ ಅಂಗೈ ಎತ್ತಿದರೂ ಆಯಿತು.

"ಏನ್ ಸೇಬಮ್ಮಾ," ಲಾವ್ತಾರೊ ಮೇಲೆ ನೋಡಿ ಹಲ್ಲು ಕಿರಿದ. "ಮಾಮ ನೆಗಡಿ ಬಂದು ಮೂಗು ಒರೆಸ್ಕೊಂಡ್ರೆ ಲಾರಿ ತಗೊಂಡು ಮನೆಗೇ ಹೋಗ್ಬಿಡ್ತೀಯೋ ಏನೋ!"

ಸುತ್ತ ಇದ್ದವರೆಲ್ಲ ನಕ್ಕರು. ಜೀಪಿಗೆ ಒರಗಿ ನಿಂತಿದ್ದ ಮೇಸ್ತ್ರಿ ಬೆರ್ತೊಲೊಟ್ಟಿ ನಗಲಿಲ್ಲ, ತಲೆಯಾಡಿಸಿದ. ಸುಲೆಮಾಳ ಕಿವಿ ಕಾದವು. ನಗೆಯನ್ನಾದರೂ ತಡೆದುಕೊಳ್ಳಬಹುದಿತ್ತು, ಆ ತಲೆಯಾಡಿಸುವಿಕೆ ಎದೆಗೆ ಚುಚ್ಚಿತು.

ಸಿಪೊಲೆಟ್ಟಿ ಊರಿನ ತೋಟಗಳಿಂದ ಸೇಬಿನ ಲಾರಿ ಓಡಿಸಿಕೊಂಡಿದ್ದವಳು ಅವಳು. ತೋಟಗಳ ನಡುವೆಯೇ ಎಣ್ಣೆ ಬಾವಿಗಳೆದ್ದು, ಸೇಬಿನ ಲಾರಿಗಳು ಒಂದೊಂದಾಗಿ ಶೆಡ್ಡು ಸೇರಿದಾಗ ಆನ್ಯೇಲೊ ಊರಿನ ಒಂದೊಂದೇ ಎಣ್ಣೆ ಕಂಪನಿಯ ಗೇಟು ತಟ್ಟಿ ಕ್ರೇನ್ ಕೆಲಸ ಕೇಳಿದಳು. ಎಲ್ಲ ಗೇಟಿನಲ್ಲೂ ಅದೇ ರಾಗ. ಅನುಭವ ಇದೆಯಾ? ಕೂರಿಸಿದ್ರೆ ತಾನೇ ಅನುಭವ, ಎಂದು ಅವಳು. ಅನುಭವ ಇದ್ರೆ ತಾನೇ ಕೂರ್ಸೋದು, ಎಂದು ಅವರು. ಕೊನೆಗೆ ಒಂದು ಗುಜರಿ ಅಂಗಳದವನಿಗೆ ಗಂಟುಬಿದ್ದು, ಭಾನುವಾರಗಳಲ್ಲಿ ಅವನ ತುಕ್ಕು ಹಿಡಿದ ಕ್ರೇನಿನಲ್ಲಿ ಸತ್ತ ಇಂಜಿನುಗಳನ್ನು ಎತ್ತುತ್ತ ಇಳಿಸುತ್ತ ಕೈ ಪಳಗಿಸಿಕೊಂಡಳು. ಪರೀಕ್ಷೆ ಪಾಸಾದಳು, ಲೈಸೆನ್ಸೂ ಬಂತು. ಆದರೂ ಗೇಟಿನ ರಾಗ ಬದಲಾಗಲಿಲ್ಲ. "ನೀರಿನ ಟ್ಯಾಂಕರ್ ಇದೆ, ಬರ್ತೀಯಾ?" ಎಂದರು ಕೆಲವರು. ನೀರಿನ ಟ್ಯಾಂಕರಿಗಾಗಿ ಅವಳು ಕಲಿತಿರಲಿಲ್ಲ.

ಬೆರ್ತೊಲೊಟ್ಟಿಯ ಕ್ರೇನ್ ಓಡಿಸುತ್ತಿದ್ದವನು ಕೆಲಸ ಬಿಟ್ಟು ದಕ್ಷಿಣಕ್ಕೆ ಹೋದಾಗ ಬಾಗಿಲು ಒಂದಿಷ್ಟು ತೆರೆದುಕೊಂಡಿತು. "ಒಂದೇ ಸಲ," ಎಂದಿದ್ದ ಮೇಸ್ತ್ರಿ. "ಲಾರೀನ ಬಾವಿ ತನಕ ನೀನೇ ತಗೊಂಡ್ಬಾ, ತೊಟ್ಟೀನ ನೀನೇ ಕೂರ್ಸು. ಸರಿಯಾಗಿ ಕೂತ್ರೆ ಕುರ್ಚಿ ನಿಂದು. ಇಲ್ಲಾಂದ್ರೆ ಲಾವ್ತಾರೊಂದು. ಅವನ ಮಾಮ ಎವರಿಸ್ತೊ ಆಗ್ಲೇ ಕೇಳಿದ್ದಾನೆ. ಕೆಳಗೆ ನಿಂತು ಸನ್ನೆ ಮಾಡೋನು ಎವರಿಸ್ತೊ, ಸನ್ನೆ ಮಾಡೋನು ಒಪ್ಪಿದವರೇ ಮೇಲೆ ಕೂರೋದು. ಅದು ನಮ್ಮಲ್ಲಿನ ಪದ್ಧತಿ."

ಬೆಳಿಗ್ಗೆ ಜಲ್ಲಿ ದಾರಿಯ ಏರಿನಲ್ಲಿ ಲಾರಿ ನಿಲ್ಲಿಸಿ, ಎಲ್ಲ ಡ್ರೈವರುಗಳ ಹಾಗೆ ಅವಳೂ ದಿಫುಂತಾ ಕೊರೆಯಾಳ ಗುಡಿಯ ಮುಂದೆ ಒಂದು ಬಾಟಲಿ ನೀರಿಟ್ಟು ಬಂದಿದ್ದಳು. ಬಾಯಾರಿ ಸತ್ತ ತಾಯಿಗೆ ನೀರು. ಬೇಡಿದ್ದು ಮಾತ್ರ ಒಂದು ಕುರ್ಚಿ.

ಈಗ ಆ ಕುರ್ಚಿ ಅವಳ ಅಡಿಯಲ್ಲೇ ಇತ್ತು, ಜಾರುತ್ತಲೂ ಇತ್ತು.

ಎವರಿಸ್ತೊ ಮತ್ತೆ ಬೆರಳು ಚಾಚುವ ಮೊದಲೇ ಗಾಳಿ ಬಂತು. ಬಯಲಿನ ಆ ತುದಿಯಲ್ಲಿ ಧೂಳಿನ ಗೋಡೆಯೊಂದು ಎದ್ದದ್ದು ಕಂಡಿತು, ಕಂಡೆ ಅನ್ನುವಷ್ಟರಲ್ಲಿ ಗಾಜಿಗೆ ಮರಳು ರಾಚಿತು. ತೊಟ್ಟಿ ಒಮ್ಮೆ ನಡುಗಿ ಆಚೆ ಕಡೆಗೆ ಹೊರಟಿತು. ಆಚೆ ಹೋದದ್ದು ಈಚೆ ಬರಲೇಬೇಕು. ಬರುವ ದಾರಿಯಲ್ಲಿ ಎವರಿಸ್ತೊ ನಿಂತಿದ್ದ, ಅವನ ಬೆನ್ನಿಗೆ ಆಗಲೇ ಕೂರಿಸಿದ ಎರಡು ತೊಟ್ಟಿಗಳಲ್ಲೊಂದು. ಮುದುಕನ ಕೈಯಲ್ಲಿ ಈಗ ಯಾವ ಸನ್ನೆಯೂ ಇರಲಿಲ್ಲ. ಲಾವ್ತಾರೊನ ಕೈಯಿಂದ ಬುರುಡೆ ಬಿದ್ದು ಸೊಪ್ಪು ಚೆಲ್ಲಿತು.

ಹೊಸಬರ ಕೈ ಇಂಥ ಹೊತ್ತಿನಲ್ಲಿ ಹಿಂದಕ್ಕೆ ಎಳೆಯುತ್ತದೆ. ಗುಜರಿ ಅಂಗಳದಲ್ಲಿ ಸುಲೆಮಾಳೂ ಹಾಗೆ ಎಳೆದು, ಒಂದು ಇಂಜಿನನ್ನು ಗೋಡೆಗೆ ಬಡಿಸಿ, ಮಾಲೀಕನಿಂದ ವಂಶ ಜಾಲಾಡುವ ಬೈಗುಳ ತಿಂದಿದ್ದಳು. ಅವನು ಬೈಯುತ್ತಲೇ ಕಲಿಸಿದ್ದ: "ಓಡಿ ಹೋಗೋ ಕತ್ತೇನ ಹಗ್ಗ ಹಿಡಿದು ಎಳೀಬೇಡ ಕಣೆ ಮುಟ್ಠಾಳೆ, ಅದರ ಜೊತೇಲೇ ಓಡು, ಅದು ನಿಂತಾಗ ಪಕ್ಕದಲ್ಲಿರು!"

ಅವಳು ಓಡಿದಳು. ಕ್ರೇನಿನ ಉದ್ದ ತೋಳನ್ನು ತೊಟ್ಟಿ ಹೊರಟ ದಿಕ್ಕಿಗೇ ಹೊರಳಿಸಿದಳು. ತೊಟ್ಟಿ ತನ್ನ ಓಟದ ತುದಿ ಮುಟ್ಟಿ, ಹಿಂದಿರುಗಲೋ ಬೇಡವೋ ಎಂದು ಅರೆಗಳಿಗೆ ತಡೆದಾಗ ತೋಳಿನ ತುದಿ ಸರಿಯಾಗಿ ಅದರ ನೆತ್ತಿಯ ಮೇಲಿತ್ತು. ಹಿಂದಿರುಗಲು ತೊಟ್ಟಿಗೆ ಕಾರಣವೇ ಉಳಿಯಲಿಲ್ಲ. ಒಮ್ಮೆ ತೊನೆದಾಡಿ, ಹಟ ಮುಗಿದ ಕೂಸಿನ ಹಾಗೆ ಸುಮ್ಮನಾಯಿತು.

ಧೂಳು ದಾಟಿ ಹೋಯಿತು. ಯಾರೂ ನಗುತ್ತಿರಲಿಲ್ಲ.

ಸುಲೆಮಾ ಕೈಗಳನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಕಾದಳು. ಸನ್ನೆ ಇಲ್ಲದೆ ಇನ್ನು ಬೆರಳಗಲವೂ ಕದಲಿಸುವುದಿಲ್ಲ.

ಎವರಿಸ್ತೊ ಮುಖದ ಮರಳು ಒರೆಸಿಕೊಂಡು ದೂರ ಸರಿದು ನಿಂತ. ಅವನ ಕೈ ಮೇಲೆದ್ದಿತು. ಈ ಕಡೆ ತಾ. ಇನ್ನೂ. ಇಳಿಸು. ಇಳಿಸು. ತೊಟ್ಟಿ ಎರಡು ತೊಟ್ಟಿಗಳ ನಡುವಿನ ಸಂದಿಗೆ, ಒರೆಗೆ ಚಾಕು ಹೋಗುವ ಹಾಗೆ ಇಳಿದು ಮರದ ದಿಮ್ಮಿಗಳ ಮೇಲೆ ಸದ್ದಿಲ್ಲದೆ ಕೂತಿತು. ಬಾವಿಯ ಗೋಪುರದ ಮೇಲಿನಿಂದ ಯಾರೋ ಉದ್ದನೆಯ ಸಿಳ್ಳೆ ಹೊಡೆದರು. ಇನ್ಯಾರೋ ಕೊಳವೆಗೆ ಸ್ಪ್ಯಾನರಿನಿಂದ ಬಡಿದರು, ಅದಕ್ಕೆ ಇನ್ನೊಬ್ಬ ತಾಳ ಸೇರಿಸಿದ, ಬಾವಿಗೆ ಬಾವಿಯೇ ಗಣಗಣ ಎಂದಿತು. ಸುಲೆಮಾಗೆ ನಗು ತಡೆಯಲಾಗಲಿಲ್ಲ. ಗಾಜಿನ ಬಾಗಿಲು ತಳ್ಳಿ, ಗಾಳಿಗೆ ಮುಖ ಕೊಟ್ಟು, ಜೋರಾಗಿ ನಕ್ಕಳು.

ಬೆರ್ತೊಲೊಟ್ಟಿ ತನ್ನ ಜೀಪಿನಿಂದ ಬೇರೆ ಬುರುಡೆ ತಂದು, ಫ್ಲಾಸ್ಕಿನ ಬಿಸಿನೀರು ಹೊಯ್ಯುತ್ತ ಎವರಿಸ್ತೊನ ಬಳಿಗೆ ಬಂದ. ತೆರೆದ ಬಾಗಿಲಿನಲ್ಲಿ ಸುಲೆಮಾಗೆ ಮಾತು ಸ್ಪಷ್ಟ ಕೇಳಿಸುತ್ತಿತ್ತು.

"ಕೂರ್ಸಿದ್ದೇನೋ ಚೆನ್ನಾಗಿದೆ. ಇಲ್ಲ ಅನ್ನಲ್ಲ," ಎಂದ ಮೇಸ್ತ್ರಿ. "ಆದ್ರೆ ಮಾಟೆಗೂ ಸನ್ನೆಗೂ ವ್ಯತ್ಯಾಸ ಗೊತ್ತಾಗ್ದೆ ನಡುವೆ ನಿಲ್ಸಿಬಿಟ್ಳಲ್ಲ, ಛೆ. ಲಾವ್ತಾರೊ ಆಗಿದ್ರೆ ಅವನಿಗೆ ತಿಳೀತಿತ್ತು."

"ತಿಳೀತಿತ್ತು," ಎಂದ ಎವರಿಸ್ತೊ.

"ಮತ್ತಿನ್ನೇನು. ನೀನೇ ಕೇಳಿದ್ದೆ. ಅವಳನ್ನ ನೀರಿನ ಟ್ಯಾಂಕರಿಗೆ ಹಾಕೋಣ. ಸೋಮವಾರದಿಂದ ಕುರ್ಚಿ ನಿನ್ನ ಅಳಿಯಂಗೆ. ತಗೋ, ಕುಡಿ."

ಬುರುಡೆ ಮುಂದೆ ಬಂತು. ಲಾವ್ತಾರೊ ಆಗಲೇ ಕೈಗವಸು ಏರಿಸಿಕೊಳ್ಳುತ್ತಿದ್ದ.

ಮುದುಕ ಬುರುಡೆಯನ್ನು ನೋಡಿದ, ಅಳಿಯನನ್ನು ನೋಡಿದ, ಗಾಳಿ ಬಂದಾಗ ತನ್ನ ಬೆನ್ನಿಗಿದ್ದ ತೊಟ್ಟಿಯನ್ನು ತಿರುಗಿ ನೋಡಿದ.

"ಅದೇ ಕಷ್ಟ, ಮೇಸ್ತ್ರಿ. ನಾನು ಕೈ ಎತ್ತಿದ್ರೆ ಮಾಮ ಯಾಕೆ ಎತ್ತಿದ ಅಂತ ಇವನಿಗೆ ತಿಳೀತದೆ. ಒಂದಿನ ನಿಜವಾಗ್ಲೂ ನಿಲ್ಸು ಅಂತ ಎತ್ತಿರ್ತೀನಿ, ಅವತ್ತೂ ಇವನಿಗೆ ಮಾಟೆಗೇ ಅಂತ ತಿಳೀತದೆ. ಅವಳಿಗೆ ಏನೂ ತಿಳೀಲಿಲ್ಲ. ಕೈ ಕಂಡ ಕೂಡ್ಲೆ ನಿಲ್ಸಿದ್ಳು."

"ಮಾಮಾ—" ಎಂದ ಲಾವ್ತಾರೊ.

"ಸುಮ್ನಿರೋ. ನಿಮ್ಮಮ್ಮಂಗೆ ನಾನೇ ಹೇಳ್ಕೋತೀನಿ."

"ಅಂದ್ರೆ ಅಳಿಯ ಬೇಡ್ವಾ?" ಬೆರ್ತೊಲೊಟ್ಟಿ ಬುರುಡೆಯನ್ನು ಇನ್ನೂ ಚಾಚಿಕೊಂಡೇ ಇದ್ದ. "ಮೊದ್ಲು ಇದನ್ನಾದ್ರೂ ಕುಡಿ, ಆರ್ತಾ ಇದೆ. ಕುಡ್ದು ಯೋಚ್ನೆ ಮಾಡು."

ಎವರಿಸ್ತೊ ಅಂಗೈ ಎತ್ತಿದ. ಈ ಸಲ ಎಲ್ಲರಿಗೂ ಕಾಣುವ ಹಾಗೆ, ತಲೆಯ ಮೇಲಿನ ತನಕ.

"ಗ್ರಾಸಿಯಾಸ್," ಎಂದ. "ಇದೂ ಬೇಡ, ಅವನೂ ಬೇಡ."