ಆರು ನಿಮಿಷದ ನಡಿಗೆ

2025ರ ಫೆಬ್ರುವರಿ 9, ಬೆಳಿಗ್ಗೆ 7 ಗಂಟೆ 10 ನಿಮಿಷ. ತಿಕೋಟಾದ ತಮ್ಮ ಒಣದ್ರಾಕ್ಷಿ ಶೆಡ್ಡಿನಲ್ಲಿ ನಂದಾ ನಡೆಯತೊಡಗಿದಳು. ಆರು ನಿಮಿಷದಲ್ಲಿ ಮುನ್ನೂರು ಮೀಟರ್ ನಡೆಯಲಾಗದಿದ್ದರೆ ಬಾಲ್ಕನ್ನಿನ ಬೆಟ್ಟನಾಡು ಮಾಂಟೆನೆಗ್ರೊ ಪ್ರವಾಸದ ಆಸೆ ಬಿಡಬೇಕೆಂದು ಶ್ವಾಸಕೋಶದ ಡಾಕ್ಟರು ಹೇಳಿದ್ದರು. ಗಂಡ ಸಂಗನಬಸವ ಮೂವತ್ತು ಮೀಟರ್ ಅಂತರವೆಂದು ಹೇಳಿ ಎರಡು ಕ್ರೇಟ್ ಇಟ್ಟಿದ್ದ.

“ನಂದಾ, ಸಾಕು, ಕುಂಡ್ರು.”

“ಯಾಕ್ರಿ, ನನ್ನ ಬಿಟ್ಟು ಒಬ್ರ ಹೋಗಾವ್ರೇನು? ನನ್ನ ನೋಡಬ್ಯಾಡ್ರಿ, ಗಡಿಯಾರ ನೋಡ್ರಿ.”

ಹತ್ತನೆಯ ಸಲ ಕ್ರೇಟ್ ಮುಟ್ಟುವಷ್ಟರಲ್ಲಿ ಆರು ನಿಮಿಷ ಮುಗಿಯಿತು.

“ಮುನ್ನೂರು ಆತು. ಟಿಕೆಟ್ ತಗಸೂಣು,” ಎಂದ ಅವನು.

ನಂದಾ ನೆಲಕ್ಕೆ ಕುಳಿತು, ಉಸಿರು ಹಿಡಿತಕ್ಕೆ ಬಂದ ಮೇಲೆ, “ಟೇಪ್ ಹಚ್ಚಿ ತೋರಸ್ರಿ,” ಎಂದಳು.

ನಸುಕಿನಲ್ಲಿ ಒಂದು ಕ್ರೇಟನ್ನು ಹತ್ತಿರ ಸರಿಸಿದವನು ಅವನೇ. ಬೇರೆ ದಾರಿಯಿಲ್ಲದೆ ಟೇಪ್ ಎಳೆದ. ನಡುವೆ ಇದ್ದದ್ದು ಇಪ್ಪತ್ತು ಮೀಟರ್. ಅವಳು ನಡೆದದ್ದು ಇನ್ನೂರು ಮೀಟರ್.